ಒಂಬತ್ತನೇ ಪುಸ್ತಕದ ಬಗ್ಗೆ ಮೊಳಕಾಲ್ಮೂರಿನ ಓದುಗರು

ಮೊಳಕಾಲ್ಮೂರು
12 ಜೂನ್ 1998

ಪತ್ತೇದಾರಿ ಕಾದಂಬರಿಕಾರರಾದ ಶ್ರೀ ಪಾಲಾಕ್ಷ ಅವರಿಗೆ,

ನಮಸ್ಕಾರ. ನಾನು ಇಲ್ಲಿ ದುರುಗಣ್ಣನವರ ಬಾಡಿಗೆ ಪುಸ್ತಕದ ಅಂಗಡಿ ನೋಡಿಕೊಳ್ಳುತ್ತೇನೆ. ನಿಮ್ಮ ಪತ್ತೇದಾರ ಚಂದ್ರಮೌಳಿ ಮಾಲೆಯ ಎಂಟು ಪುಸ್ತಕಗಳೂ ನಮ್ಮಲ್ಲಿ ರಟ್ಟು ಕಿತ್ತು ಬರುವಷ್ಟು ಓಡಿವೆ. ಒಂಬತ್ತನೆಯದು, 'ರಕ್ತ ಮೆತ್ತಿದ ಲಾಳಿ', ಬಂದು ಎರಡು ತಿಂಗಳಾಯಿತು. ಓದುಗರು ಅಭಿಪ್ರಾಯ ಬರೆಯಿರಿ ಅಂತ ಕೊನೇ ಪುಟದಲ್ಲಿ ನಿಮ್ಮ ಚಳ್ಳಕೆರೆ ವಿಳಾಸ ಕೊಟ್ಟಿದ್ದೀರಿ. ನಮ್ಮ ಗಿರಾಕಿಗಳಲ್ಲಿ ಬರೆಯುವವರು ಕಡಿಮೆ, ಹೇಳುವವರು ಜಾಸ್ತಿ. ಅದಕ್ಕೆ ಅವರು ಹೇಳಿದ್ದನ್ನು ನಾನು ಬರೆದುಕೊಂಡು ಕಳಿಸುತ್ತಿದ್ದೇನೆ.

ರಾಂಪುರದ ಬಸ್ ಕಂಡಕ್ಟರ್ ಎರ್ರಿಸ್ವಾಮಿ: "ಭಲೇ ಉಂದಿ ಕಣಮ್ಮ, ಭಾಳ ಚೆನ್ನಾಗೈತೆ. ಹೆಂಡ್ತೀನೇ ಮಗ್ಗದ ಲಾಳಿಯಿಂದ ಹೊಡ್ದು ಬಾವಿಗೆ ತಳ್ಳವಳೆ ಅಂತ ಅರ್ಧಕ್ಕೇ ಗೊತ್ತಾಗೋತು. ಆದ್ರೂ ಕೆಳಗಿಡಾಕೆ ಮನಸ್ ಬರ್ಲಿಲ್ಲ. ಎರಡು ಸ್ಟಾಪ್ ಟಿಕೆಟ್ಟೇ ಕೊಟ್ಟಿಲ್ಲ."

ನಿವೃತ್ತ ಶಿಕ್ಷಕಿ ಸುಲೋಚನಮ್ಮ ಮೇಡಂ: "ಮೊದಲ ನಾಲ್ಕು ಪುಸ್ತಕ ಬುದ್ಧಿಗೆ ಕೆಲಸ ಕೊಡ್ತಿದ್ವು. ಇದರಲ್ಲಿ ಚಂದ್ರಮೌಳಿ ಏನೂ ಪತ್ತೆ ಮಾಡಲ್ಲ. ಊರಿನವರು ಆಡ್ಕೊಳ್ಳೋದನ್ನ ಕೇಳಿ ನಂಬ್ತಾನೆ. ಅದಕ್ಕೆ ಪತ್ತೇದಾರ ಯಾಕೆ ಬೇಕು?"

ಮಗ್ಗದ ಯಜಮಾನರೂ ನೇಕಾರರ ಸಂಘದ ಅಧ್ಯಕ್ಷರೂ ಆದ ಮರುಳಪ್ಪನವರು ಇಪ್ಪತ್ತು ಪ್ರತಿ ತರಿಸಿ ಊರಲ್ಲಿ ಹಂಚಿದ್ದಾರೆ. ಇಂಥ ಪುಸ್ತಕ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ ಎನ್ನುತ್ತಾರೆ.

ನಲ್ಲಿ ಹತ್ತಿರದ ಹೆಂಗಸರಲ್ಲಿ ಓದಲು ಬಾರದವರಿಗೂ ಕತೆ ಬಾಯಿಪಾಠ. ಪುಸ್ತಕದ ಕೊಲೆಗಾತಿ ಅಂಜಿನಮ್ಮ ಅಂದರೆ ನಮ್ಮೂರಿನ ಯಾರು ಅಂತ ಅವರೇ ತೀರ್ಮಾನ ಮಾಡಿಕೊಂಡಿದ್ದಾರೆ.

ನನ್ನ ಅಭಿಪ್ರಾಯ ಆಮೇಲೆ ಹೇಳುತ್ತೇನೆ. ಈಗ ಒಂದೇ ಪ್ರಶ್ನೆ. ಮಗ್ಗದ ಮನೆಯ ವಿಚಾರ ನಿಮಗೆ ಇಷ್ಟು ಹೇಗೆ ಗೊತ್ತು? ಕಾದಂಬರಿಯ ಜೊತೆಗೆ ನೀವು ಮಾಡುವ ಕೆಲಸ ಏನು ಅಂತ ಓದುಗರು ಕೇಳುತ್ತಾರೆ.

ಇಂತಿ,
ಶಾಂತಕುಮಾರಿ


ಚಳ್ಳಕೆರೆ
20 ಜೂನ್ 1998

ಕುಮಾರಿ ಶಾಂತಕುಮಾರಿಯವರಿಗೆ,

ತಮ್ಮ ಪತ್ರ ತಲುಪಿ ಅಪಾರ ಸಂತೋಷವಾಯಿತು. ಬೆಂಗಳೂರಿನ ಪ್ರಕಾಶಕರು ವರ್ಷಕ್ಕೊಮ್ಮೆ ಕಳಿಸುವ ಎರಡು ಸಾಲಿನ ಕಾರ್ಡು ನೋಡಿ ನೋಡಿ ಬೇಸತ್ತಿದ್ದ ನನಗೆ ನಿಮ್ಮ ಊರಿನ ಓದುಗರ ಮಾತು ಕೇಳಿ ಹೊಟ್ಟೆ ತುಂಬಿದಂತಾಯಿತು. ಪತ್ರವನ್ನು ನಾಲ್ಕು ಸಲ ಓದಿದ್ದೇನೆ.

ಎರ್ರಿಸ್ವಾಮಿಯವರಿಗೆ ನನ್ನ ವಂದನೆ ತಿಳಿಸಿ. ಕೊಡದೆ ಹೋದ ಟಿಕೆಟ್ಟಿನ ಪಾಪ ನನ್ನ ತಲೆಗೆ ಬರಲಿ. ಸುಲೋಚನಮ್ಮನವರು ವಿದ್ಯಾವಂತರು, ಅವರ ಟೀಕೆ ತಲೆಬಾಗಿ ಸ್ವೀಕರಿಸುತ್ತೇನೆ. ಆದರೆ ಮೊದಲ ನಾಲ್ಕು ಪುಸ್ತಕ ನನ್ನ ತಲೆಯಿಂದ ಬಂದವು. ಒಂಬತ್ತನೆಯದು ಬದುಕಿನಿಂದ ಬಂತು. ವ್ಯತ್ಯಾಸ ಇದ್ದೇ ಇರುತ್ತದೆ.

ನನ್ನ ಕೆಲಸ ಕೇಳಿದ್ದೀರಿ. ನಾನು ಅರ್ಜಿ ಬರೆಯುವವನು. ಇಲ್ಲಿನ ತಾಲ್ಲೂಕು ಕಚೇರಿ ಎದುರು ಹುಣಸೆ ಮರದ ಕೆಳಗೆ ಇಪ್ಪತ್ತೆಂಟು ವರ್ಷದಿಂದ ಒಂದು ಮೇಜು, ಎರಡು ಕುರ್ಚಿ ಇಟ್ಟುಕೊಂಡು ಕೂತಿದ್ದೇನೆ. ಜನ ಬರುತ್ತಾರೆ, ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ, ಹೆತ್ತ ತಾಯಿಗೂ ಹೇಳದ ಮಾತು ನನಗೆ ಹೇಳುತ್ತಾರೆ. ನಾನು ಅದಕ್ಕೆ ಸರ್ಕಾರದ ಭಾಷೆ ಕೊಡುತ್ತೇನೆ. ಹೀಗಿರುವಾಗ ಕತೆಗೆ ಬರವೆಲ್ಲಿ?

ತಾವು ಕೂಡಾ ಏನಾದರೂ ಬರೆಯುವುದುಂಟೇ? ಪತ್ರದ ಶೈಲಿ ನೋಡಿ ಕೇಳಬೇಕೆನಿಸಿತು. ತಪ್ಪದೆ ಬರೆಯಿರಿ.

ನಿಮ್ಮ ವಿಶ್ವಾಸಿ,
ಪಾಲಾಕ್ಷ


ಮೊಳಕಾಲ್ಮೂರು
2 ಜುಲೈ 1998

ಶ್ರೀ ಪಾಲಾಕ್ಷ ಅವರಿಗೆ,

ನಮಸ್ಕಾರ. ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಎಲ್ಲರ ಮುಂದೆ ಓದಿದೆ. ಎರ್ರಿಸ್ವಾಮಿ ಅದನ್ನು ಜೇಬಿನಲ್ಲಿಟ್ಟುಕೊಂಡು ರಾಂಪುರಕ್ಕೆ ಹೋಗಿ ತೋರಿಸಿ ತಂದು ಕೊಟ್ಟ.

ಸುಲೋಚನಮ್ಮ ಮೇಡಂ ಮಾತ್ರ ಒಪ್ಪಲಿಲ್ಲ. ಅವರ ಪ್ರಕಾರ ಲಾಳಿಯೇ ಸುಳ್ಳು. "ಅಷ್ಟಗಲ ಮರದ ತುಂಡು. ಹೊಡೆದರೆ ಹಣೆ ಒಡೆದೀತು, ಪ್ರಾಣ ಹೋಗಲ್ಲ. ಈ ಮನುಷ್ಯ ಲಾಳಿ ಕೈಯಲ್ಲಿ ಹಿಡಿದೇ ಇಲ್ಲ" ಅಂದರು. ಇನ್ನೂ ನಾಲ್ಕೈದು ನೇಕಾರರು ಅದನ್ನೇ ಹೇಳಿದರು. ಬದುಕಿನಿಂದ ಬಂತು ಅಂತ ನೀವು ಬರೆದಿದ್ದು ಓದಿದಾಗ, ಅದು ಎಲ್ಲ ಬರಹಗಾರರೂ ಹೇಳುವ ಮಾತು ಅಂತ ನಕ್ಕರು. ನಾನು ನಿಮ್ಮ ಪರ ವಾದ ಮಾಡಿದೆ. ಆದರೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.

ಇನ್ನೊಂದು ಸಂಗತಿ ಗಮನಿಸಿದೆ. ನೀವು ಎಲ್ಲರ ಅಭಿಪ್ರಾಯಕ್ಕೂ ಉತ್ತರ ಕೊಟ್ಟಿರಿ. ಇಪ್ಪತ್ತು ಪ್ರತಿ ಹಂಚಿದ ಮರುಳಪ್ಪನವರ ಬಗ್ಗೆ ಒಂದು ಸಾಲೂ ಇಲ್ಲ. ಮರೆತಿರಬೇಕು.

ನಾನು ಬರೆಯುವುದಿಲ್ಲ. ಆಸೆ ಇದೆ. ಹೇಳಿಕೊಡುವವರಿಲ್ಲ.

ಇಂತಿ,
ಶಾಂತಕುಮಾರಿ


ಚಳ್ಳಕೆರೆ
9 ಜುಲೈ 1998

ಸೋದರಿ ಶಾಂತಕುಮಾರಿ,

ಇನ್ನು ಮುಂದೆ ಹೀಗೇ ಕರೆಯುತ್ತೇನೆ, ಬೇಸರವಿಲ್ಲ ತಾನೇ.

ಸುಲೋಚನಮ್ಮನವರ ಮಾತಿನಿಂದ ಮನಸ್ಸು ನೊಂದಿದ್ದು ನಿಜ. ಲಾಳಿ ಸುಳ್ಳಲ್ಲ. ಅದೊಂದೇ ಆ ಪುಸ್ತಕದಲ್ಲಿ ನೂರಕ್ಕೆ ನೂರು ನಿಜವಾದ ಸಂಗತಿ. ಕೇಳಿ.

ಹದಿನೈದು ವರ್ಷದ ಹಿಂದೆ ನಿಮ್ಮ ಊರಿನ ಕಡೆಯ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ಕೂತಳು. ಗಂಡ ನೇಕಾರ, ಬಾವಿಯಲ್ಲಿ ಸತ್ತು ಸಿಕ್ಕಿದ್ದ. ಕಾಲು ಜಾರಿ ಬಿದ್ದ ಅಂತ ಬರೆದು ಮುಗಿಸಿದ್ದರು. ದೊಡ್ಡ ಅಧಿಕಾರಿಗಳಿಗೆ ಅರ್ಜಿ ಬರೆಸಬೇಕು ಅಂತ ಬಂದಿದ್ದಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೇಳಿದಳು. ಎಲ್ಲ ಮುಗಿದ ಮೇಲೆ, ನಾನು ಕೇಳದಿದ್ದರೂ, "ಸ್ವಾಮಿ, ಇನ್ನೊಂದೈತೆ. ಯಾರ್ಗೂ ಹೇಳಿಲ್ಲ. ಅವತ್ತು ಮಧ್ಯಾಹ್ನ ಜಗಳ ಆಗಿ ಸಿಟ್ಟಿಗೆ ಲಾಳಿ ತಗಂಡು ಹಣೆಗೆ ಹೊಡ್ದಿದ್ದೆ. ರಕ್ತ ಬಂತು. ಅರಿಶಿನ ಮೆತ್ತಿದೆ. ಸಂಜೆಗೆ ಅವ್ರು ಇಲ್ಲ" ಅಂದು ಅತ್ತಳು. ಅದನ್ನು ಅರ್ಜಿಯಲ್ಲಿ ಬರೆಸಬೇಡ ಅಂತ ನಾನೇ ಹೇಳಿದೆ.

ಆ ಲಾಳಿ ನನ್ನ ತಲೆಯಲ್ಲಿ ಹದಿನಾಲ್ಕು ವರ್ಷ ಕೂತಿತ್ತು. ಎಂಟು ಪುಸ್ತಕ ಆದ ಮೇಲೆ ಒಂಬತ್ತನೆಯದಕ್ಕೆ ವಸ್ತು ಇಲ್ಲದೆ ಒದ್ದಾಡುತ್ತಿದ್ದಾಗ ಅದು ತಾನಾಗಿ ಕೈಗೆ ಬಂತು. ಅಂತ್ಯ ಮಾತ್ರ ನನ್ನದು. ಆಕೆ ಹೇಳಿದ್ದೇ ಬೇರೆ.

ಮರುಳಪ್ಪನವರಿಗೆ ನನ್ನ ನಮಸ್ಕಾರ ತಿಳಿಸುವ ಅಗತ್ಯವಿಲ್ಲ.

ಬರೆಯುವ ಆಸೆ ಇದ್ದರೆ ಹೇಳಿಕೊಡಲು ನಾನಿದ್ದೇನೆ.

ನಿಮ್ಮ ವಿಶ್ವಾಸಿ,
ಪಾಲಾಕ್ಷ


ಮೊಳಕಾಲ್ಮೂರು
18 ಜುಲೈ 1998

ಗುರುಗಳಾದ ಶ್ರೀ ಪಾಲಾಕ್ಷ ಅವರಿಗೆ,

ಪತ್ರ ತಲುಪಿತು. ಇದನ್ನು ಯಾರಿಗೂ ಓದಿ ಹೇಳಿಲ್ಲ. ನನಗೊಬ್ಬಳಿಗೇ ಬರೆದಿದ್ದು ಅನ್ನಿಸಿತು.

ಕಳೆದ ವಾರ ಅಂಗಡಿಯಲ್ಲಿ ಒಂದು ಸಣ್ಣ ಸ್ಪರ್ಧೆ ಇಟ್ಟಿದ್ದೆ. ಒಂಬತ್ತನೇ ಪುಸ್ತಕದ ಕೊನೆಯ ಮೂವತ್ತು ಪುಟ ಇಲ್ಲ ಅಂದುಕೊಳ್ಳಿ, ಕೊಲೆಗಾರ ಯಾರು ಅಂತ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಅಂತ. ಬಹಳ ಜನ ಅಂಜಿನಮ್ಮ ಅಂತಲೇ ಬರೆದರು. ಒಂದು ಚೀಟಿಯಲ್ಲಿ ಮಾತ್ರ, ಅದೂ ವಯಸ್ಸಾದವರ ಕೈಬರಹ, "ಮಗ್ಗದ ಯಜಮಾನ" ಅಂತ ಇತ್ತು. ಯಾಕೆ ಅಂತ ಬರೆದಿಲ್ಲ.

ನೀವು ಗುರುಗಳು, ಅದಕ್ಕೆ ಕೇಳುತ್ತೇನೆ. ನಿಜ ಗೊತ್ತಿದ್ದೂ ಬರಹಗಾರ ಬೇರೆ ಅಂತ್ಯ ಬರೆಯುವುದು ಯಾವಾಗ? ಆಕೆ ಹೇಳಿದ್ದು ಏನಿತ್ತು? ಆ ಅರ್ಜಿಗೆ ಏನಾಯಿತು? ಇದು ತಿಳಿದರೆ ಕತೆ ಕಟ್ಟುವುದು ಹೇಗೆ ಅಂತ ನನಗೂ ಗೊತ್ತಾಗುತ್ತದೆ.

ಇಂತಿ ನಿಮ್ಮ ಶಿಷ್ಯೆ,
ಶಾಂತಕುಮಾರಿ


ಚಳ್ಳಕೆರೆ
1 ಆಗಸ್ಟ್ 1998

ತಂಗಿ ಶಾಂತಕುಮಾರಿ,

ಮೂರು ದಿನ ಯೋಚಿಸಿ ಇದನ್ನು ಬರೆಯುತ್ತಿದ್ದೇನೆ. ಶಿಷ್ಯೆ ಅಂತ ಬರೆದಿದ್ದೀರಿ. ನನ್ನನ್ನು ಹಾಗೆ ಯಾರೂ ಗುರು ಅಂದಿರಲಿಲ್ಲ. ಆದ್ದರಿಂದ ಮುಚ್ಚುಮರೆ ಬೇಡ.

ಆ ಒಂದು ಚೀಟಿ ಬರೆದವರು ಪತ್ತೇದಾರರಾಗಬೇಕಿತ್ತು. ಆಕೆ ಹೇಳಿದ್ದೂ ಅದನ್ನೇ. ಯಜಮಾನ ಸಂಘದ ರೇಷ್ಮೆಯನ್ನು ಲಾರಿಗೆ ತುಂಬಿ ರಾಯದುರ್ಗಕ್ಕೆ ಸಾಗಿಸುವುದನ್ನು ಇವಳ ಗಂಡ ನೋಡಿದ್ದ. ಸೋಮವಾರ ಸಂಘದ ಸಭೆಯಲ್ಲಿ ಹೇಳುತ್ತೇನೆ ಅಂದಿದ್ದ. ಭಾನುವಾರ ಸಂಜೆ ಬಾವಿಯಲ್ಲಿದ್ದ. ಯಜಮಾನ ಬಾವಿ ಕಡೆಯಿಂದ ಮೊಣಕಾಲವರೆಗೆ ನೆಂದ ಪಂಚೆಯಲ್ಲಿ ಬರುವುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಊರಿನಲ್ಲಿ ಎಲ್ಲರೂ ಅವನ ಕಡೆ ಅಂತ ಚಳ್ಳಕೆರೆವರೆಗೆ ಬಂದಿದ್ದಳು.

ಅರ್ಜಿಯನ್ನು ಚೆನ್ನಾಗಿಯೇ ಬರೆದೆ. ಹೆಬ್ಬೆಟ್ಟು ಒತ್ತಿಸಿಕೊಂಡೆ. ನಾನೇ ಅಂಚೆಗೆ ಹಾಕುತ್ತೇನೆ, ನೀನು ಬಸ್ಸು ಹಿಡಿ ಅಂತ ಕಳಿಸಿದೆ. ಹಾಕಲಿಲ್ಲ. ಆಗ ನನ್ನ ತಂಗಿಯ ಮದುವೆ ನಿಶ್ಚಯವಾಗಿತ್ತು. ಯಜಮಾನನಿಗೆ ಒಂದು ಮಾತು ತಲುಪಿಸಿದೆ. ಅವನೇ ಬಂದು ಅರ್ಜಿ ತೆಗೆದುಕೊಂಡು ಹೋದ. ಮದುವೆಗೆ ನಿಮ್ಮೂರಿನ ನವಿಲಂಚಿನ ಸೀರೆ ಬಂತು. ಯಜಮಾನ ಯಾರು ಅಂತ ನಿಮ್ಮಂಥ ಜಾಣೆಗೆ ಬಿಡಿಸಿ ಹೇಳಬೇಕಿಲ್ಲ. ಇಪ್ಪತ್ತು ಪ್ರತಿ ಸುಮ್ಮನೆ ಯಾರೂ ಹಂಚುವುದಿಲ್ಲ.

ಇದರಲ್ಲಿ ಪಾಠ ಏನೆಂದರೆ, ಕತೆ ನಡೆಯುವುದು ಓದುಗ ಒಪ್ಪುವ ಕಡೆಗೆ. ಗಂಡನನ್ನು ಕೊಂದ ಹೆಣ್ಣು ಅಂದರೆ ಓದುಗ ಒಪ್ಪುತ್ತಾನೆ. ನಿಜವನ್ನು ಬರೆದಿದ್ದರೆ ಪುಸ್ತಕ ಇಷ್ಟು ಓಡುತ್ತಿರಲಿಲ್ಲ. ಯಾರಿಗೂ ನಷ್ಟವೂ ಆಗಿಲ್ಲ. ಆಕೆ ಊರು ಬಿಟ್ಟಿರಬೇಕು, ಇಲ್ಲವೇ ತೀರಿಕೊಂಡಿರಬೇಕು. ಮತ್ತೆ ಬರಲೇ ಇಲ್ಲ.

ಓದಿ ಹರಿದು ಹಾಕಿ.

ನಿಮ್ಮ ಅಣ್ಣನಂಥ,
ಪಾಲಾಕ್ಷ


ಮೊಳಕಾಲ್ಮೂರು
20 ಆಗಸ್ಟ್ 1998

ಪಾಲಾಕ್ಷ ಅವರಿಗೆ,

ಹರಿದು ಹಾಕಿಲ್ಲ.

ಆಕೆ ತೀರಿಕೊಂಡಿಲ್ಲ. ಊರನ್ನೂ ಬಿಟ್ಟಿಲ್ಲ. ಹೆಸರು ಮಂಜಮ್ಮ. ನನ್ನ ಅವ್ವ. ಬಾವಿಯಲ್ಲಿ ಸಿಕ್ಕಿದ ನೇಕಾರ ಚಿತ್ತಪ್ಪ ನನ್ನ ಅಪ್ಪ. ಆಗ ನನಗೆ ಏಳು ವರ್ಷ.

ಅವ್ವ ಮತ್ತೆ ಬರಲಿಲ್ಲ ಅಂತ ಬರೆದಿದ್ದೀರಿ. ಮೂರು ಸಲ ಬಂದಿದ್ದಳು. ಎರಡು ಸಲ ನೀವು ಮೇಜಿನಲ್ಲಿರಲಿಲ್ಲ. ಮೂರನೇ ಸಲ "ಮೇಲಿನವರಿಗೆ ಹೋಗಿದೆ, ಬಂದೇ ಬರುತ್ತೆ, ಕಾಯಮ್ಮ" ಅಂದಿರಿ. ಕಾದಳು. ಯಜಮಾನನ ಮಗ್ಗ ಬಿಟ್ಟು, ಮನೆಯಲ್ಲಿ ರಾಟೆ ಹಾಕಿಕೊಂಡು, ಊರವರಿಗೆಲ್ಲ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಟ್ಟು ನನ್ನನ್ನು ಹತ್ತನೇ ತರಗತಿವರೆಗೆ ಓದಿಸಿದಳು.

ಏಪ್ರಿಲ್‌ನಲ್ಲಿ ಮರುಳಪ್ಪ ನಡುಬೀದಿಯಲ್ಲಿ ಅವಳ ಕೈಗೆ ನಿಮ್ಮ ಪುಸ್ತಕ ಇಟ್ಟ. "ತಗಾ ಮಂಜಮ್ಮ, ನಿನ್ ಕತೆ ಪುಸ್ತಕ ಆಗೈತೆ. ಮಗಳತ್ರ ಓದಿಸ್ಕ" ಅಂದ. ಅವಳಿಗೆ ಓದು ಬರಲ್ಲ. ಸಂಜೆ ರಾಟೆ ಮುಂದೆ ಕೂತು "ಓದವ್ವ" ಅಂದಳು. ಓದಿದೆ. ಲಾಳಿ ಬಂದ ಕಡೆ ರಾಟೆ ನಿಂತಿತು.

"ಇದನ್ನ ಭೂಮಿ ಮೇಲೆ ಒಬ್ರಿಗೇ ಹೇಳಿದ್ದು ನಾನು."

"ಯಾರಿಗವ್ವ?"

"ಚಳ್ಳಕೆರೇಲಿ ಅರ್ಜಿ ಬರೆಯೋರಿಗೆ. ಹುಣಸೆ ಮರದ ಕೆಳಗೆ ಕುಂತಿರ್ತಾರೆ."

ಮುಂದಕ್ಕೆ ಕಣ್ಣಾಡಿಸಿದೆ. ಕೊನೆಯ ಮೂವತ್ತು ಪುಟದಲ್ಲಿ ಏನಿದೆ ಅಂತ ಗೊತ್ತಾಯಿತು. ಅದನ್ನು ಓದಲು ನನ್ನ ನಾಲಗೆ ಏಳಲಿಲ್ಲ. ಪುಟ ತಿರುಗಿಸುತ್ತಾ ನಾನೇ ಕಟ್ಟಿ ಹೇಳಿದೆ. ಪತ್ತೇದಾರ ಬಂದ, ಬಾವಿ ನೋಡಿದ, ಯಜಮಾನನನ್ನು ಹಿಡಿದ, ಹೆಂಡತಿ ಮಗಳು ಬದುಕಿಕೊಂಡರು ಅಂತ. ಅವ್ವ ಕೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ಹಂಗಾರೆ ಅರ್ಜಿ ಓದವ್ರೆ. ತಡ ಆದ್ರೂ ಓದವ್ರೆ" ಅಂದಳು. ಅವತ್ತು ಎಷ್ಟೋ ವರ್ಷದ ಮೇಲೆ ಎರಡು ಮುದ್ದೆ ಉಂಡಳು.

ಮಾರನೇ ಬೆಳಿಗ್ಗೆ ನಲ್ಲಿ ಹತ್ತಿರ ಅವಳಿಗೆ ನಿಮ್ಮ ಅಂತ್ಯವನ್ನು ಹೇಳಿದರು. ಅವಳ ಕೊಡ ಪಕ್ಕಕ್ಕೆ ತಳ್ಳಿದರು. ವಾರದೊಳಗೆ ನೂಲು ಕೊಡುತ್ತಿದ್ದ ಹನ್ನೊಂದು ಮನೆಯಲ್ಲಿ ಒಂಬತ್ತು ಮನೆ ನಿಲ್ಲಿಸಿತು. ಅವತ್ತಿನಿಂದ ಅವ್ವ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ನಾನು ಸುಳ್ಳು ಓದಿದೆ ಅಂತ.

ಜೂನ್‌ನಲ್ಲಿ ನಿಮಗೆ ಮೊದಲ ಪತ್ರ ಬರೆದಾಗ ನನಗೆ ಬೇಕಿದ್ದದ್ದು ಒಂದೇ. ಪುಸ್ತಕ ಬರೆದವನೂ ಅರ್ಜಿ ಬರೆದವನೂ ಒಬ್ಬನೇನಾ ಅಂತ. ಉಳಿದದ್ದೆಲ್ಲ ನೀವೇ ಕೊಟ್ಟಿರಿ. ಆ ಚೀಟಿಯ ಸ್ಪರ್ಧೆ ನಡೆಯಲೇ ಇಲ್ಲ. ಓದುಗರ ಅಭಿಪ್ರಾಯ ಮಾತ್ರ ಎಲ್ಲ ನಿಜ.

ಈಗ ನನ್ನ ಅಭಿಪ್ರಾಯ. ನೀವು ಮೊಳಕಾಲ್ಮೂರಿಗೆ ಬರಬೇಕು. ಸಂಘದ ಅಂಗಳದಲ್ಲಿ ನಿಂತು, ನನಗೆ ಬರೆದದ್ದನ್ನು ಬಾಯಿಂದ ಹೇಳಬೇಕು. ಮರುಳಪ್ಪನ ಎದುರಿಗೆ. ಹದಿನೈದು ದಿನ ಕೊಡುತ್ತೇನೆ.

ಶಾಂತಕುಮಾರಿ


ಚಳ್ಳಕೆರೆ
27 ಆಗಸ್ಟ್ 1998

ಶಾಂತಕುಮಾರಿ ಎಂಬುವವರಿಗೆ,

ತಮ್ಮ ಪತ್ರ ಓದಿ ಆಶ್ಚರ್ಯವಾಯಿತು. ವಿಶ್ವಾಸಕ್ಕೆ ದ್ರೋಹ ಮಾಡಿದ್ದೀರಿ. ಅಭಿಮಾನಿಯ ವೇಷ ಹಾಕಿ ಮಾತು ಕದ್ದಿದ್ದೀರಿ.

'ರಕ್ತ ಮೆತ್ತಿದ ಲಾಳಿ' ಕೇವಲ ಕಾಲ್ಪನಿಕ ಕೃತಿ. ಅದರ ಪಾತ್ರಗಳಿಗೂ ಬದುಕಿರುವ ಅಥವಾ ತೀರಿಕೊಂಡ ಯಾರಿಗೂ ಸಂಬಂಧವಿಲ್ಲ. ನಾನು ಖಾಸಗಿಯಾಗಿ ಬರೆದದ್ದೂ ಒಬ್ಬ ಕಲಿಯುವವಳಿಗೆ ಉದಾಹರಣೆಗಾಗಿ ಕಟ್ಟಿದ ಕತೆ. ಅದನ್ನು ಬೇರೆಯವರಿಗೆ ತೋರಿಸಿದರೆ ಮಾನನಷ್ಟದ ಕೇಸು ಹಾಕುತ್ತೇನೆ. ಕೋರ್ಟು ಕಚೇರಿ ನನಗೆ ಹೊಸದಲ್ಲ. ನಿಮ್ಮ ತಾಯಿ ಲಾಳಿಯಿಂದ ಹೊಡೆದದ್ದನ್ನು ಒಪ್ಪಿಕೊಂಡವರು ಎಂಬುದನ್ನೂ ನೆನಪಿಡಿ. ಇದನ್ನು ಕೆದಕಿದರೆ ಮೊದಲು ಸಿಕ್ಕಿಕೊಳ್ಳುವುದು ಅವರೇ.

ನನ್ನ ಪತ್ರಗಳನ್ನು ಮರಳಿ ಅಂಚೆಯಲ್ಲಿ ಕಳಿಸತಕ್ಕದ್ದು.

ಪಾಲಾಕ್ಷ


ಮೊಳಕಾಲ್ಮೂರು
14 ಸೆಪ್ಟೆಂಬರ್ 1998

ಪಾಲಾಕ್ಷ ಅವರಿಗೆ,

ಹದಿನೈದು ದಿನ ಕಾದೆ. ನೀವು ಬರಲಿಲ್ಲ.

ನಿಮ್ಮ ಆಗಸ್ಟ್ ಒಂದರ ಪತ್ರವನ್ನು ಜೆರಾಕ್ಸ್ ಮಾಡಿಸಿದೆ. ನಿಮ್ಮ ಕೈಬರಹ ದುಂಡಗಿದೆ, ಅರ್ಜಿ ಬರೆದು ಅಭ್ಯಾಸ, ಪ್ರತಿ ಅಕ್ಷರವೂ ಮೂಡಿದೆ. ನಮ್ಮ ಅಂಗಡಿಯಲ್ಲಿದ್ದ ನಾಲ್ಕು ಪ್ರತಿಗೂ ಕೊನೆಯ ಪುಟದ ಮೇಲೆ ಅಂಟಿಸಿದೆ. ಕತೆ ಮುಗಿಸಿ ಪುಟ ತಿರುಗಿಸಿದವರಿಗೆ ಅದೇ ಮೊದಲು ಕಾಣುತ್ತದೆ. ಅವ್ವನ ಲಾಳಿಯ ಸಂಗತಿ ಇರುವ ಜುಲೈ ಪತ್ರವನ್ನೂ ಅಂಟಿಸಿದ್ದೇನೆ. ಮುಚ್ಚಿಡುವುದು ನಮಗೇನೂ ಇಲ್ಲ.

ಮರುಳಪ್ಪ ಹಂಚಿದ ಇಪ್ಪತ್ತು ಪ್ರತಿಗಳು ಉಳಿದಿದ್ದವು. ಸುಲೋಚನಮ್ಮ ಮೇಡಂ ಮನೆಮನೆಗೆ ಹೋಗಿ, ಎರಡು ದಿನಕ್ಕೆ ಕೊಡಿ, ಓದಿ ಕೊಡ್ತೀನಿ ಅಂತ ಇಸಕೊಂಡು ಬಂದರು. ಹದಿನೇಳು ಸಿಕ್ಕವು. ಅಂಟಿಸಿ ವಾಪಸ್ ಕೊಟ್ಟೆವು. ರಾಂಪುರದ ಎರಡು ಅಂಗಡಿ, ನಮ್ಮ ಪಕ್ಕದ ಹಾನಗಲ್ ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿ, ತಾಳಕಿನಲ್ಲಿ ಒಂದು, ಎಲ್ಲವನ್ನೂ ಎರ್ರಿಸ್ವಾಮಿ ನೋಡಿಕೊಂಡ. "ನಾನೇ ಮೆಚ್ಕಂಡಿದ್ದೆ ಕಣಮ್ಮ ಈ ಪುಸ್ತಕ. ನಂಗೇ ನಾಚಿಕೆ ಆಗ್ತೈತೆ" ಅಂದ.

ಕಳೆದ ಗುರುವಾರ ನಾನು ಚಳ್ಳಕೆರೆಗೆ ಬಂದಿದ್ದೆ. ನಿಮ್ಮ ಊರಿನ ಬಸ್ ಸ್ಟ್ಯಾಂಡ್ ಪುಸ್ತಕದ ಅಂಗಡಿಯಲ್ಲಿ ಆರು ಪ್ರತಿ ಇದ್ದವು, ಅಂಗಡಿಯವರಿಗೆ ಪತ್ರ ಓದಿಸಿದೆ, ಅವರೇ ಗೋಂದು ಕೊಟ್ಟರು. ತಾಲ್ಲೂಕು ಕಚೇರಿ ಎದುರಿನ ಟೀ ಅಂಗಡಿಯ ಗೋಡೆಗೂ ಒಂದು ಹಚ್ಚಿದೆ. ನೀವು ಮೇಜಿನಲ್ಲಿ ಕೂತು ಒಬ್ಬ ಮುದುಕನಿಗೆ ಅರ್ಜಿ ಬರೆಯುತ್ತಿದ್ದಿರಿ. ನಾನು ಸ್ವಲ್ಪ ಹೊತ್ತು ನಿಂತು ನೋಡಿದೆ. ನೀವು ತಲೆ ಎತ್ತಿ ಏನಮ್ಮ ಬೇಕಿತ್ತು ಅಂತ ಕೇಳಿದಿರಿ. ಏನೂ ಇಲ್ಲ ಅಂದೆ.

ಕೇಸು ಹಾಕಿ. ಕೋರ್ಟಿನಲ್ಲಿ ನಿಮ್ಮ ಪತ್ರವನ್ನು ಗಟ್ಟಿಯಾಗಿ ಓದುತ್ತಾರೆ. ನಮಗೆ ಅದೇ ಬೇಕು.

ಶಾಂತಕುಮಾರಿ


ಚಳ್ಳಕೆರೆ
5 ಅಕ್ಟೋಬರ್ 1998

ಶಾಂತಕುಮಾರಿಯವರಿಗೆ,

ಗೋಡೆಯ ಕಾಗದವನ್ನು ನಾನು ಕಿತ್ತೆ. ಮಾರನೇ ದಿನ ಯಾರೋ ಇನ್ನೊಂದು ಹಚ್ಚಿದ್ದರು. ಯಾರು ಅಂತ ಗೊತ್ತಿಲ್ಲ. ನೀವಲ್ಲ ಅಂತ ಟೀ ಅಂಗಡಿಯವನು ಹೇಳಿದ.

ಮೇಜಿಗೆ ಯಾರೂ ಬರುತ್ತಿಲ್ಲ. ದೂರದ ಹಳ್ಳಿಯವರು ಬಂದು ಕೂತರೆ ಪಕ್ಕದವರು ಕರೆದು ಕಿವಿಯಲ್ಲಿ ಏನೋ ಹೇಳುತ್ತಾರೆ. ಅವರು ಎದ್ದು ಹೋಗುತ್ತಾರೆ. ಮೊನ್ನೆ ಒಬ್ಬ ರೈತ ಆರು ವರ್ಷದ ಹಿಂದೆ ನಾನು ಬರೆದುಕೊಟ್ಟ ಪಹಣಿ ಅರ್ಜಿಯ ನಕಲು ತಂದು, "ಇದನ್ನಾರ ಹಾಕಿದ್ಯಾ, ಇಲ್ಲ ಇದ್ಕೂ ಸೀರೆ ತಗಂಡ್ಯಾ?" ಅಂತ ಎಲ್ಲರ ಮುಂದೆ ಕೇಳಿದ. ಅದನ್ನು ಹಾಕಿದ್ದೆ. ನಂಬಲಿಲ್ಲ. ತಂಗಿ ಗಂಡನ ಮನೆಯಿಂದ ಆ ಸೀರೆ ಕಳಿಸಿದ್ದಾಳೆ. ಜೊತೆಗೆ ಚೀಟಿ ಕೂಡ ಇರಲಿಲ್ಲ.

ಪ್ರಕಾಶಕರು ಮಾಲೆ ನಿಲ್ಲಿಸಿದ್ದಾರೆ.

ನಿಮಗೆ ತೃಪ್ತಿಯಾಗಿರಬೇಕು. ಇಷ್ಟಕ್ಕೆ ಸಾಕು ಮಾಡಿ. ಅಂಟಿಸಿದ ಹಾಳೆಗಳನ್ನು ತೆಗೆಸಿ. ನಾನು ತಪ್ಪು ಮಾಡಿದ್ದೇನೆ, ಒಪ್ಪುತ್ತೇನೆ. ಆದರೆ ಮೊಳಕಾಲ್ಮೂರಿಗೆ ಬರುವ ಧೈರ್ಯ ನನಗಿಲ್ಲ.

ಪಾಲಾಕ್ಷ


ಚಳ್ಳಕೆರೆ
21 ಅಕ್ಟೋಬರ್ 1998

ಶಾಂತಕುಮಾರಿಯವರಿಗೆ,

ನನ್ನ ಹಿಂದಿನ ಪತ್ರಕ್ಕೆ ನೀವು ಉತ್ತರ ಬರೆಯಲಿಲ್ಲ. ನಿನ್ನೆ ನಡೆದದ್ದು ನಿಮಗೆ ಗೊತ್ತಿದೆಯೋ ಇಲ್ಲವೋ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹತ್ತೂವರೆಗೆ ಒಬ್ಬ ಹೆಂಗಸು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಪಕ್ಕದ ಮೇಜಿನವನು ಕರೆದ. ತಿರುಗಿ ನೋಡಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿದೆ. ಗುರುತು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅರ್ಜಿ ಬರೀಬೇಕು ಸ್ವಾಮಿ" ಅಂದರು. "ಹದಿನೈದ್ ವರ್ಷದ ಹಿಂದೆ ಬರ್ಸಿದ್ದೆ. ಸೇರ್ಲಿಲ್ವಂತೆ. ಇನ್ನೊಂದ್ ಸಲ ಬರೀರಿ."

ನಾನು ಎದ್ದು ನಿಂತೆ. ಕೂರಿ ಅಂದರು. ಕೂತೆ.

ಗಟ್ಟಿಯಾಗಿ ಹೇಳಿದರು. ನಿಧಾನವಾಗಿ, ನಾನು ಬರೆಯುವಷ್ಟು ನಿಲ್ಲಿಸಿ. ಜನ ಸೇರಿದರು. ಲಾರಿ ಬಂದ ದಿನ, ಸಭೆಯ ದಿನ, ಪಂಚೆ ಎಲ್ಲಿವರೆಗೆ ನೆಂದಿತ್ತು, ಒಂದೂ ತಪ್ಪಲಿಲ್ಲ. ಲಾಳಿಯ ಹತ್ತಿರ ಬಂದಾಗ ನನ್ನ ಪೆನ್ನು ನಿಂತಿತು. ಅದು ಬೇಡಮ್ಮ, ನಿಮಗೆ ತೊಂದರೆ ಅಂದೆ.

"ಹೋದ್ ಸಲಾನೂ ಬೇಡ ಅಂದ್ರಿ" ಅಂದರು. "ಬರೀರಿ. ನಾನ್ ಹೊಡ್ದೆ, ಅದು ನಿಜ. ಸಾಯಂಗೆ ಹೊಡೀಲಿಲ್ಲ, ಅದೂ ನಿಜ. ಎಲ್ಡೂ ಬರೀರಿ."

ಬರೆದೆ. ಮುಗಿಯಿತು ಅಂದುಕೊಂಡೆ.

"ಆಮೇಲೆ ಆ ಅರ್ಜಿ ಏನಾತು? ಅದು ನಂಗೊತ್ತಿಲ್ಲ. ನೀವೇ ಹೇಳ್ಕಂಡು ಬರೀರಿ. ಜೋರಾಗಿ ಹೇಳಿ, ಇವ್ರಿಗೂ ಕೇಳ್ಲಿ."

ಐವತ್ತು ಜನ ಇದ್ದರೇನೋ. ನಾನು ಹೇಳುತ್ತಾ ಬರೆದೆ. ಮೂರು ಸಾಲಿನ ಸಂಗತಿ. ಅದನ್ನು ಬರೆಯಲು ಉಳಿದ ಎಲ್ಲದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಸೀರೆ ಅಂತ ಬರೆಯುವಾಗ ಯಾರೋ ಉಗಿದರು. ಆಕೆ ಅವರ ಕಡೆ ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು.

ಬರೆದದ್ದನ್ನು ಓದಿಸಿದರು. ಆಮೇಲೆ ಪಕ್ಕದ ಮೇಜಿನವನನ್ನು ಕರೆದು ಮತ್ತೆ ಓದಿಸಿದರು. "ಇವ್ರು ಓದಿದ್ದೂ ಅದ್ರಾಗಿರೋದೂ ಒಂದೇನಾ?" ಅಂತ ಕೇಳಿದರು. ಒಂದೇ ಅಂದ. ಹೆಬ್ಬೆಟ್ಟು ಒತ್ತಿ, ಕಾಗದ ನನ್ನ ಕಡೆ ತಳ್ಳಿದರು. ಸಾಕ್ಷಿ ಅಂತ ಸಹಿ ಮಾಡಿದೆ. ವಿಳಾಸವನ್ನೂ ಬರೆದೆ.

"ಅಮ್ಮ, ನನ್ನನ್ನ ಕ್ಷಮಿಸಿ" ಅಂದೆ.

"ನಡೀರಿ ಅಂಚೆ ಆಫೀಸಿಗೆ" ಅಂದರು.

ದಾರಿಯುದ್ದಕ್ಕೂ ನನ್ನ ಹಿಂದೆಯೇ ನಡೆದು ಬಂದರು. ಚಿತ್ರದುರ್ಗದ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ರಿಜಿಸ್ಟರ್ ಮಾಡಿಸಿದೆ. ರಸೀದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿಗೆ ಗಂಟು ಹಾಕಿಕೊಂಡರು. ಊಟ ಮಾಡಿ ಹೋಗಿ ಅಂದೆ. ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟರು.

ಪಾಲಾಕ್ಷ


ಮೊಳಕಾಲ್ಮೂರು
22 ಡಿಸೆಂಬರ್ 1998

ಪಾಲಾಕ್ಷ ಅವರಿಗೆ,

ಅವ್ವ ಚಳ್ಳಕೆರೆಗೆ ಬಂದಿದ್ದು ನಿಮ್ಮ ಪತ್ರದಿಂದಲೇ ನನಗೆ ಗೊತ್ತಾಯಿತು. ತಾಳಕಿಗೆ ನೆಂಟರ ಮನೆಗೆ ಹೋಗ್ತೀನಿ ಅಂದಿದ್ದಳು. ಪತ್ರ ಓದಿ ಹೇಳಿದೆ. ಈ ಸಲ ಒಂದಕ್ಷರ ಬಿಡದೆ ಓದಿದೆ. ಎಲ್ಲ ಕೇಳಿ, "ಹ್ಞೂಂ, ಸರಿಯಾಗಿ ಬರ್ದವ್ನೆ" ಅಂದಳು. ಅವತ್ತಿನಿಂದ ನನ್ನ ಜೊತೆ ಮೊದಲಿನಂತೆ ಮಾತಾಡುತ್ತಿದ್ದಾಳೆ.

ನವೆಂಬರ್‌ನಲ್ಲಿ ಚಿತ್ರದುರ್ಗದಿಂದ ಅಧಿಕಾರಿ ಬಂದರು. ಅವ್ವನ ಹೇಳಿಕೆ ತೆಗೆದುಕೊಂಡರು. ಲಾಳಿಯ ಬಗ್ಗೆ ಎರಡು ಸಲ ಕೇಳಿದರು, ಎರಡು ಸಲವೂ ಹೇಳಿದಳು. ಮುಖ್ಯ ಆದದ್ದು ಇದು. ಆಗ ಮರುಳಪ್ಪನ ಮಗ್ಗದಲ್ಲಿದ್ದ ಇಬ್ಬರು ಮುದುಕರು ತಾವಾಗಿ ಬಂದು ಲಾರಿಯ ವಿಚಾರ ಬರೆಸಿದರು. ಇಷ್ಟು ವರ್ಷ ಬಾಯಿ ಬಿಡದವರು. ಪುಸ್ತಕದ ಕೊನೆಯಲ್ಲಿ ನಿಮ್ಮ ಪತ್ರ ಓದಿದ ಮೇಲೆ ಮನೆಯಲ್ಲಿ ಮಕ್ಕಳ ಮುಖ ನೋಡಲು ಆಗಲಿಲ್ಲವಂತೆ.

ಮರುಳಪ್ಪನನ್ನು ಮೂರು ಸಲ ಕರೆಸಿದ್ದಾರೆ. ಸಂಘದ ಅಧ್ಯಕ್ಷಗಿರಿಯಿಂದ ಇಳಿಸಿ ಆಯಿತು. ಕೈ ಎತ್ತಿ ಅಂದಾಗ ಅವನ ಕಡೆ ಅವನ ಅಳಿಯನದೊಂದೇ ಕೈ ಎದ್ದಿದ್ದು. ಹದಿನೈದು ವರ್ಷದ ಕೇಸು, ಬಾವಿ ಮುಚ್ಚಿಹೋಗಿದೆ, ಶಿಕ್ಷೆ ಆಗುವುದು ಕಷ್ಟ ಅಂತ ವಕೀಲರು ಹೇಳುತ್ತಾರೆ. ಆಗದಿದ್ದರೂ ಅವನು ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಪ್ರತಿ ಸಲವೂ ನಿಂತು ನೋಡುತ್ತೇನೆ ಅಂತ ಅವ್ವ ಹೇಳಿದ್ದಾಳೆ.

ನೂಲು ನಿಲ್ಲಿಸಿದ್ದ ಒಂಬತ್ತು ಮನೆಯವರೂ ಮತ್ತೆ ತಂದರು. ಅವ್ವ ಒಳಗಿನಿಂದಲೇ "ಪುರಸತ್ತಿಲ್ಲ" ಅಂದಳು. ಅವಳನ್ನು ಬಿಡದೆ ಉಳಿದಿದ್ದ ಆ ಎರಡು ಮನೆಯ ನೂಲನ್ನೇ ಸುತ್ತುತ್ತಾಳೆ. ನಾನು ಬೇಡ ಅನ್ನಲಿಲ್ಲ.

ನೀವು ಅಂಟಿಸಿದ ಹಾಳೆ ತೆಗೆಸಿ ಅಂತ ಕೇಳಿದ್ದಿರಿ. ತೆಗೆಸುವುದಿಲ್ಲ. ಕ್ಷಮೆಯ ಮಾತನ್ನು ಅವ್ವನ ಹತ್ತಿರ ಕೇಳಿದೆ. "ಕೋರ್ಟಲ್ಲಿ ನಿಂತು ಹೇಳಿ ಬರ್ಲಿ, ಆಮೇಲೆ ನೋಡಾಣ" ಅಂದಳು. ಅದು ಅವಳ ಮಾತು. ನನ್ನನ್ನು ಕೇಳಿದರೆ ಆಮೇಲೂ ಇಲ್ಲ.

ಜನವರಿ ಹನ್ನೊಂದಕ್ಕೆ ಚಿತ್ರದುರ್ಗದ ಕೋರ್ಟಿನಲ್ಲಿ ನಿಮ್ಮ ಹೇಳಿಕೆ ತೆಗೆದುಕೊಳ್ಳುತ್ತಾರೆ. ನೋಟೀಸು ಬಂದಿರಬೇಕು. ನಾವಿಬ್ಬರೂ ಮೊದಲ ಬಸ್ಸಿಗೆ ಚಳ್ಳಕೆರೆಗೆ ಬರುತ್ತೇವೆ. ನೀವು ಸ್ಟ್ಯಾಂಡಿನಲ್ಲಿ ಇರಬೇಕು. ಇಲ್ಲದಿದ್ದರೆ ಅವ್ವನನ್ನು ಬಸ್ಸಿನಲ್ಲೇ ಕೂರಿಸಿ, ನಿಮ್ಮ ಮನೆಗೆ ಬಂದು ಕರೆದುಕೊಂಡು ಹೋಗುತ್ತೇನೆ. ಮನೆ ಎಲ್ಲಿ ಅಂತ ನೋಡಿಕೊಂಡಿದ್ದೇನೆ.

ಶಾಂತಕುಮಾರಿ